ಎಡಗಡೆಯ ಸೀಟು

ಹೊಸನಗರ,
೧೮-೧೧-೧೯೬೬, ಶುಕ್ರವಾರ

ಪ್ರೀತಿಯ ತಮ್ಮ ವಾಸಪ್ಪನಿಗೆ,

ನಿನ್ನ ಅಕ್ಕ ಶೇಷಮ್ಮ ಮನಸಾರೆ ಹರಸಿ ಬರೆಯುವುದು. ಬೊಂಬಾಯಿಯಲ್ಲಿ ನೀನು, ಪುಷ್ಪಮ್ಮ, ಮಗು ಎಲ್ಲ ಹೇಗಿದ್ದೀರಿ? ಗ್ಯಾರೇಜಿನ ಹೊಗೆಯಿಂದ ಬಂದ ಕೆಮ್ಮು ಕಡಿಮೆಯಾಯಿತೇ ಅಂತ ಹಿಂದಿನ ಕಾಗದದಲ್ಲಿ ಕೇಳಿದ್ದೆ. ನೀನು ಅದೊಂದನ್ನು ಬಿಟ್ಟು ಬಾಕಿ ಎಲ್ಲದಕ್ಕೂ ಉತ್ತರ ಬರೆದೆ. ಚಿಕ್ಕಂದಿನಿಂದಲೂ ನಿನ್ನ ಬುದ್ಧಿಯೇ ಹಾಗೆ, ಮೈಗೆ ಆಗದಿದ್ದಾಗ ಮಾತ್ರ ಬಾಯಿ ಬಿಡುವುದಿಲ್ಲ. ಈ ಸಲದ ಕಾಳುಮೆಣಸು ಒಣಗಿದ ಕೂಡಲೇ ಕಳಿಸುತ್ತೇನೆ, ಪುಷ್ಪಮ್ಮನಿಗೆ ಹೇಳಿ ಕಷಾಯ ಮಾಡಿಸಿಕೊಂಡು ಕುಡಿ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ, ಅದು ದೊಡ್ಡ ಸುದ್ದಿಯಲ್ಲ.

ಕಾರು ಹೇಗಿದೆ ಅಂತ ಕೇಳಿದ್ದೀಯ. ನಿನ್ನ ಭಾವನೂ ಕಾರಿನ ಕೆಲವು ಸಾಮಾನು ತರಿಸಬೇಕು, ನಿನಗೆ ಬರೆ ಅಂತ ಹೇಳಿದ್ದಾರೆ. ಆ ಪಟ್ಟಿಯನ್ನು ಕೊನೆಗೆ ಬರೆಯುತ್ತೇನೆ. ಶಿವರಾತ್ರಿ ಕಳೆದ ಮೇಲೆ ನೀನು ರಜೆ ಹಾಕಿ ಬಂದು, ಶಿವಮೊಗ್ಗದಲ್ಲಿ ಹಾಡಹಗಲಲ್ಲೇ ಕಾರನ್ನು ಸುತ್ತ ಮೂರು ಸಲ ನೋಡಿ, ಬಣ್ಣದ ಮೇಲೆ ಗೀರಿದೆಯೇ, ಸ್ಟೆಪ್ನಿ ಇದೆಯೇ, ಜಾಕಿ ಇದೆಯೇ ಅಂತ ತಪಾಸಣೆ ಮಾಡಿ ಕೊಡಿಸಿದ ಕಾರು ಅದು. ಬೊಂಬಾಯಿಗೆ ವಾಪಸು ಹೋದ ಮೇಲೆ ನೀನು ಬರೆದ ನಾಲ್ಕು ಹಾಳೆಯ ಕಾಗದ ಇನ್ನೂ ನಮ್ಮ ಅಕ್ಕಿ ಗಿರಣಿಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಹಾಗೇ ಇದೆ. ಅದರಲ್ಲಿ ಹೇಳಿದ ಒಂದನ್ನೂ ನಾವು ತಪ್ಪಿಸಿಲ್ಲ. ಮೊದಲ ಸಾವಿರ ಮೈಲಿ ಮೂವತ್ತೈದರ ಮೇಲೆ ಮುಳ್ಳು ಏರಲಿಲ್ಲ. ಐನೂರು ಮೈಲಿಗೆ ಎಂಜಿನ್ ಎಣ್ಣೆ ಬದಲಾಯಿಸಿ ಆಯಿತು. ಬ್ಯಾಟರಿಗೆ ಹಾಕುವ ನೀರನ್ನು ಸಾಗರದಿಂದಲೇ ಬಾಟಲಿಯಲ್ಲಿ ತರಿಸುತ್ತೇವೆ. ಕೆಸರು ಮೆತ್ತಿದಾಗ ಒಣಬಟ್ಟೆಯಲ್ಲಿ ಒರೆಸಬಾರದು, ನೀರು ಹೊಯ್ದು ನೆನೆಸಿ ಆಮೇಲೆ ಮೆತ್ತಗಿನ ಬಟ್ಟೆ ಹಾಕಬೇಕು ಅಂದಿದ್ದೆಯಲ್ಲ, ಆ ಕೆಲಸ ನನ್ನದೇ. ಒದ್ದೆ ಕಾರಿನ ಮೇಲೆ ಟಾರ್ಪಾಲು ಮುಚ್ಚಿದರೆ ಬೆವರಿ ಬಣ್ಣ ಏಳುತ್ತದೆ ಅಂದೆ. ಎರಡು ಹಳೆ ಜಮಖಾನ ಸೇರಿಸಿ ಹೊಲಿದು, ಪೂರ್ತಿ ಒಣಗಿದ ಮೇಲೇ ಹೊದಿಸುತ್ತೇನೆ. ಆಷಾಢದಲ್ಲಿ ಹೆಗ್ಗಣ ಒಂದು ವಯರು ಕಡಿದಿತ್ತು. ಭತ್ತದ ಚೀಲಗಳನ್ನು ಕಾರಿನ ಪಕ್ಕದಿಂದ ತೆಗೆಸಿ ಬೇರೆ ಕಡೆ ಇಡಿಸಿದ ಮೇಲೆ ಆ ಕಾಟ ನಿಂತಿತು. ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದೇವೆ ವಾಸಪ್ಪ. ಕಾರಿನಲ್ಲಿ ಒಂದು ದೋಷವೂ ಇಲ್ಲ. ಅದನ್ನೇ ನಿನಗೆ ಹೇಗೆ ಹೇಳುವುದು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ.

ಶುರುವಾದದ್ದು ಭಾದ್ರಪದದಲ್ಲಿ. ಸಾಗರಕ್ಕೆ ಹೋಗುತ್ತಿದ್ದಾಗ ನಿನ್ನ ಭಾವ ಎದುರಿನ ಗಾಜು ಮಂಕಾಗಿದೆ ಅಂದರು. ಇಳಿದು ನಾನೇ ಒರೆಸಿದೆ. ಗಾಜು ಚೊಕ್ಕವಾಗಿಯೇ ಇತ್ತು. ಸಾಗರದಲ್ಲಿ ವೈಪರಿನ ರಬ್ಬರು ಬದಲಾಯಿಸಿದರು. ಮುಂದಿನ ವಾರ ದೀಪ ಸಾಲದು ಅಂತ ಎರಡೂ ಬಲ್ಬು ಹೊಸದು ಹಾಕಿಸಿದರು. ಆಮೇಲೆ ಬ್ಯಾಟರಿ ಕೈಕೊಟ್ಟಿದೆ ಅಂತ ಅದನ್ನು ಬಿಚ್ಚಿಸಿ ಚಾರ್ಜಿಗೆ ಇಡಿಸಿದರು. ಸಾಗರದಲ್ಲಿ ನಮ್ಮ ಕಾರು ನೋಡುವ ಮೇಸ್ತ್ರಿ ಗಿರಿಯಪ್ಪ ದೀಪ ಹಾಕಿ ಎದುರಿನ ಗೋಡೆಗೆ ಬೆಳಕು ಬಿಟ್ಟು, “ಇದಕ್ಕಿಂತ ಹೆಚ್ಚು ಬೆಳಕು ಯಾವ ಕಾರಿಗೂ ಇಲ್ಲ ಸಾವ್ಕಾರ್ರೇ” ಅಂದ. ಇವರು ಗೋಡೆಯನ್ನೇ ನೋಡುತ್ತ ನಿಂತರು. ಆಮೇಲೆ, “ನಿಂಗೆ ಕೆಲಸ ಬರೋದಿಲ್ಲ” ಅಂತ ಹೇಳಿ ಕಾರು ಹತ್ತಿದರು. ಗಿರಿಯಪ್ಪ ನನ್ನ ಮುಖ ನೋಡಿದ. ನಾನು ಬೇರೆ ಕಡೆ ತಿರುಗಿದೆ.

ನಿನಗೆ ಒಂದು ವಿಷಯ ಹೇಳಬೇಕು, ನಗಬೇಡ. ಕಾರು ಬಂದ ಹೊಸದರಲ್ಲಿ ಇವರು ಎಲ್ಲಿಗೆ ಹೋಗುವುದಾದರೂ ಒಬ್ಬರೇ ಹೋಗುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂದ ಹಾಗೆ, “ನೀನೂ ಬಾ” ಅನ್ನತೊಡಗಿದರು. ಬ್ಯಾಂಕಿಗೆ ಹೋದರೂ ಬಾ, ರಿಪ್ಪನ್‌ಪೇಟೆಯ ಸಂತೆಗೆ ಹೋದರೂ ಬಾ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ನಾಲ್ಕು ಹೆಜ್ಜೆ ಹೋದವರಲ್ಲ. ಎಡಗಡೆಯ ಸೀಟಿನಲ್ಲಿ ಕೂತು ನಾನು ಹೊಸ ಮದುವಣಗಿತ್ತಿಯ ಹಾಗೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಎದುರಿಗೆ ಗಾಡಿ ಬಂದರೆ, “ಗಾಡಿ ಬಂತು, ಎಡಕ್ಕೆ ತಗೊಳ್ಳಿ” ಅನ್ನುತ್ತಿದ್ದೆ. “ಕಾಣ್ತದೆ, ಸುಮ್ನಿರು” ಅನ್ನುತ್ತಿದ್ದರು, ಆದರೆ ನಾನು ಹೇಳಿದ ಮೇಲೇ ಎಡಕ್ಕೆ ತೆಗೆಯುತ್ತಿದ್ದರು. ಒಂದು ದಿನ ಎಮ್ಮೆ ಅಂದೆ, ನಿಲ್ಲಿಸಿದರು. ಎಮ್ಮೆ ದಾಟಿ ಹೋಗಿ ಗದ್ದೆಗೆ ಇಳಿದ ಮೇಲೂ ಕಾರು ನಿಂತೇ ಇತ್ತು. ನಾನು “ಹೋಯಿತು” ಅಂದ ಮೇಲೆ ಹೊರಟರು. ಅವತ್ತು ನನಗೆ ಎಲ್ಲ ತಿಳಿಯಿತು.

ಆಮೇಲೆ ಒಂದೊಂದೇ ಹೊಳೆಯಿತು. ಕೈಗೆ ಎಣ್ಣೆ ಹತ್ತಿದೆ, ಪೇಪರು ನೀನೇ ಓದು ಅನ್ನುವುದು. ಗಿರಣಿಯಲ್ಲಿ ಅಕ್ಕಿಯನ್ನು ಕಣ್ಣಿಗೆ ಹಿಡಿಯದೆ ಬೆರಳಲ್ಲಿ ಉಜ್ಜಿ ದರ ಹೇಳುವುದು. ಕಣ್ಣಲ್ಲಿ ಪೊರೆಯೂ ಬಂದ ಹಾಗಿಲ್ಲ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಮಾವ ಮಾಸ್ತಪ್ಪನವರ ಕಣ್ಣೂ ಹೀಗೇ ಹೋಗಿದ್ದಂತೆ. ಐವತ್ತಕ್ಕೆ ಕಣ್ಣು ಹೋಗಿ, ಹದಿನೆಂಟು ವರ್ಷ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಊಟದ ಬಾಳೆಯಲ್ಲಿ ಉಪ್ಪು ಯಾವ ಕಡೆ, ಪಲ್ಯ ಯಾವ ಕಡೆ ಅಂತ ಕೈ ಹಿಡಿದು ತೋರಿಸುತ್ತಿದ್ದವಳು ನಾನೇ. ನಿನ್ನ ಭಾವನಿಗೆ ಈಗ ನಲವತ್ತೊಂಬತ್ತು. ಅವರಿಗೆ ಗೊತ್ತಿಲ್ಲ ಅಂತ ನಾನು ಹೇಗೆ ನಂಬಲಿ?

ಒಂದೇ ಒಂದು ಸಲ ಬಾಯಿ ಬಿಟ್ಟೆ. ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರೋಣ ಅಂದೆ. “ನನ್ನ ಕಣ್ಣಿಗೆ ಏನಾಗಿದೆ?” ಅಂದರು. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, ಒಬ್ಬ ಡ್ರೈವರನ್ನಾದರೂ ಇಟ್ಟುಕೊಳ್ಳಿ ಅಂದದ್ದಕ್ಕೆ ಕ್ಯಾಲೆಂಡರಿನ ಹಿಂದಿನಿಂದ ನಿನ್ನ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. “ಮೂರನೇ ಹಾಳೆ ಓದು” ಅಂದರು. ಓದಿದೆ. ಹೊಸ ಕಾರು ಒಂದೇ ಕೈಯಲ್ಲಿ ಪಳಗಬೇಕು, ಕೈ ಬದಲಾದರೆ ಕ್ಲಚ್ಚು ಗೇರು ಎರಡೂ ಹಾಳು, ಯಾರಿಗೂ ಕೊಡಬೇಡಿ ಭಾವ ಅಂತ ನೀನು ಬರೆದಿದ್ದೀಯ. “ನಿನ್ನ ತಮ್ಮನೇ ಹೇಳಿದ್ದು” ಅಂದರು. ನಾನು ಕಾಗದ ಮಡಚಿ ಅಲ್ಲೇ ಇಟ್ಟೆ. ನೀನು ಬರೆದದ್ದು ತಪ್ಪಲ್ಲ. ಆದರೆ ನಿನ್ನ ಒಳ್ಳೆಯ ಮಾತೇ ನನಗೆ ಅಡ್ಡ ಬಂತು. ಅವರದ್ದೂ ತಪ್ಪು ಅನ್ನಲಾರೆ. ಹಿಂದೆ ನಮ್ಮ ಮಾವ ಜಮೀನಿನ ಒಡೆಯರ ಕಾರು ಕೆಸರಲ್ಲಿ ಹೂತುಹೋದಾಗ ತಳ್ಳಿ ಎತ್ತಿದವರು. ಎತ್ತಿದ ಮೇಲೆ, ಕೆಸರು ಕೈ ತಾಗಿಸಿದೆ ಅಂತ ಬೈಸಿಕೊಂಡವರು. ಗೇಣಿ ಮಾಡಿಕೊಂಡಿದ್ದ ಮನೆಯವನು ಕಾರಿಗೆ ಹೆಸರು ಬರೆಸಿ ಆರು ವರ್ಷ ಕಾದು ತನ್ನದೇ ಕಾರಿನಲ್ಲಿ ತಾನೇ ಚಕ್ರ ಹಿಡಿದು ಕೂತಿದ್ದಾನೆ. ಇಳಿ ಅಂತ ಹೇಳುವವಳು ನಾನಾಗಬೇಕೇ?

ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ಹೋದ ಬುಧವಾರ ತೀರ್ಥಹಳ್ಳಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ವಾಪಸು ಬರುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆ, ಬಿಸಿಲು ಎದುರಿಗೆ. ಅವತ್ತು ಊಟದ ಪಂಕ್ತಿಯಲ್ಲಿ ಇವರು ಎಲ್ಲರ ಎದುರು, “ಹೆಂಗಸರು ಪಕ್ಕದಲ್ಲಿ ಕೂತರೆ ಡ್ರೈವ್ ಮಾಡೋದೇ ಕಷ್ಟ, ದಾರಿಯುದ್ದ ವಟವಟ” ಅಂತ ಹೇಳಿ ನಗಿಸಿದ್ದರು. ನನಗೆ ಎಲ್ಲಿತ್ತೋ ಸಿಟ್ಟು ಬಂತು. ಇವತ್ತು ಒಂದು ಮಾತೂ ಆಡುವುದಿಲ್ಲ, ಅವರಾಗಿ ಕೇಳಲಿ, “ಏನದು, ನಂಗೆ ಕಾಣ್ತಿಲ್ಲ” ಅಂತ ಒಂದು ಸಲ ಬಾಯಿಂದ ಬರಲಿ ಅಂತ ಹಟ ಹಿಡಿದು ಕೂತೆ. ಮೂರು ಮೈಲಿ ಬಂದೆವು. ಇವರು ನಿಧಾನ ಮಾಡಿದರು, ಎರಡು ಸಲ ನನ್ನ ಕಡೆ ತಿರುಗಿದರು. ನಾನು ಸುಮ್ಮನಿದ್ದೆ. ಕವಲೇದುರ್ಗಕ್ಕೆ ದಾರಿ ಒಡೆಯುವ ಹತ್ತಿರ ಒಬ್ಬ ಹೆಂಗಸು ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ನಮ್ಮ ಮುಂದೆ ನಡೆದು ಹೋಗುತ್ತಿದ್ದಳು. ದೂರದಿಂದಲೇ ಕಂಡಿದ್ದೆ ವಾಸಪ್ಪ. ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಅಂತ ನೋಡಿದೆ. ಕೊನೆಗೆ ಕೂಗಿದೆ. ಇವರು ಬ್ರೇಕು ಒತ್ತಿ ಚಕ್ರ ತಿರುಗಿಸಿದರು, ಕಾರು ಚರಂಡಿಗೆ ಇಳಿಯಿತು, ಆದರೆ ಅಷ್ಟರಲ್ಲಿ ಮಡ್‌ಗಾರ್ಡು ಅವಳಿಗೆ ತಾಗಿತ್ತು.

ಅವಳ ಹೆಸರು ದುಗ್ಗಮ್ಮ. ಸೊಪ್ಪಿನ ಮೇಲೆಯೇ ಬಿದ್ದದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಬಲಗೈ ಮುರಿದಿತ್ತು. ಗದ್ದೆಯಿಂದ ಓಡಿ ಬಂದ ಜನರ ಎದುರು ಇವರು, “ಅಡ್ಡ ಬಂದ್ಲು” ಅಂದರು. ನಾನು ಅಲ್ಲೇ ನಿಂತಿದ್ದೆ. ದುಗ್ಗಮ್ಮ ನೆಲದ ಮೇಲೆ ಕೂತು ಮುರಿದ ಕೈ ಹಿಡಿದುಕೊಂಡು, “ಹೌದು ಸಾವ್ಕಾರ್ರೇ, ನಂದೇ ತಪ್ಪು, ನಂಗೆ ಶಬ್ದ ಕೇಳಲಿಲ್ಲ” ಅಂದಳು. ಅವಳು ರಸ್ತೆಯ ಅಂಚಿನಲ್ಲೇ ಇದ್ದಳು. ಜನ ಸೇರಿ ಕಾರು ಎತ್ತಿಕೊಟ್ಟರು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತೀರ್ಥಹಳ್ಳಿ ಆಸ್ಪತ್ರೆಗೆ ವಾಪಸು ಹೋದೆವು. ದಾರಿಯುದ್ದ ನಾನು ಒಂದು ಕಲ್ಲನ್ನೂ ಬಿಡದೆ ಹೇಳಿದೆ. ಎಡಕ್ಕೆ, ನಿಧಾನ, ಸೇತುವೆ ಬಂತು, ಸೈಕಲ್ಲು. ಇವರು ಒಂದು ಸಲವೂ “ಸುಮ್ನಿರು” ಅನ್ನಲಿಲ್ಲ. ಹಿಂದೆ ದುಗ್ಗಮ್ಮ ನರಳುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿರಬೇಕು. ಇಳಿಸುವಾಗ ನನ್ನ ಕೈ ಹಿಡಿದು, “ನಿಮ್ಮ ಕಷ್ಟ ನಿಮಗೆ ಅಮ್ಮಾ” ಅಂದಳು. ಅದಕ್ಕಿಂತ ಬೈದಿದ್ದರೆ ಆಗುತ್ತಿತ್ತು. ಕೈಗೆ ಕಟ್ಟು ಹಾಕಿದ್ದಾರೆ. ಕೊಯ್ಲು ಮಾಡುವ ಕೈ, ಎರಡು ತಿಂಗಳು ಕೆಲಸವಿಲ್ಲ. ಅವಳ ಮನೆಗೆ ಅಕ್ಕಿ ಕಳಿಸುತ್ತಿದ್ದೇವೆ. ಅಕ್ಕಿಯಿಂದ ನನ್ನ ಪಾಪ ತೊಳೆದು ಹೋಗುತ್ತದೆಯೇ, ಹೇಳು. ಕಣ್ಣು ಕಾಣದವರಿಗಿಂತ ಕಂಡೂ ಸುಮ್ಮನಿದ್ದವಳದ್ದು ದೊಡ್ಡದು.

ಮಾರನೇ ದಿನ ಗಿರಿಯಪ್ಪನನ್ನು ಸಾಗರದಿಂದ ಕರೆಸಿದರು. ಬ್ರೇಕು ಹಿಡಿಯುತ್ತಿಲ್ಲ ಅಂದರು. ಅವನು ನಾಲ್ಕೂ ಚಕ್ರ ಬಿಚ್ಚಿ ನೋಡಿ, ಮಡ್‌ಗಾರ್ಡು ಬಡಿದು ಸರಿ ಮಾಡಿ, “ಬ್ರೇಕು ಹೊಸದರ ಹಾಗಿದೆ” ಅಂದ. ಇವರು ಬೊಂಬಾಯಿಯಿಂದ ಒಳ್ಳೆಯ ಸಾಮಾನು ತರಿಸಿ ಹಾಕುತ್ತೇನೆ ಅಂದರು. ಹೋಗುವಾಗ ಗಿರಿಯಪ್ಪ ಬಾಗಿಲ ಹತ್ತಿರ, “ಅಮ್ಮಾ, ನಂಗೆ ಹೇಳೋ ಧೈರ್ಯ ಇಲ್ಲ, ನೀವಾದ್ರೂ ಹೇಳಿ” ಅಂದ. ಎಲ್ಲರೂ ನಾನು ಹೇಳಬೇಕು ಅನ್ನುತ್ತಾರೆ.

ಡಿಸೆಂಬರ್ ನಾಲ್ಕನೇ ತಾರೀಕು ಭಾನುವಾರ ನಮ್ಮ ಬಂಗಾರಮ್ಮ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಭದ್ರಾವತಿಯಿಂದ ಹೊರಟು, ತಾಳಗುಪ್ಪದ ರೈಲಿನಲ್ಲಿ ಬಂದು ಸಾಗರದಲ್ಲಿ ಇಳಿಯುತ್ತಾಳೆ. ಮೊಮ್ಮಗನನ್ನು ಕಾರಿನಲ್ಲಿ ತಾನೇ ಕರೆತರಬೇಕು ಅಂತ ಇವರ ಆಸೆ. ಮಗು, ಬಾಣಂತಿ, ಅವಳ ಸಾಮಾನು ಎಲ್ಲ ಇರುವುದರಿಂದ ಬರುವಾಗ ಸೀಟು ಬೇಕು, ನೀನು ಬರುವುದು ಬೇಡ ಅಂದರು. ಮಗಳ ಎದುರು ನಾನು ದಾರಿ ಹೇಳುವುದು ಅವರಿಗೆ ಬೇಡವಾಗಿದೆ.

ಭಾವ ಹೇಳಿದ ಸಾಮಾನು: ಬ್ರೇಕಿನ ಲೈನಿಂಗು ನಾಲ್ಕೂ ಚಕ್ರಕ್ಕೆ, ಮುಂದಿನ ದೀಪದ ಬಲ್ಬು ಒಂದು ಜೊತೆ, ಇರುವುದರಲ್ಲಿ ಹೆಚ್ಚು ಬೆಳಕಿನದು, ಮತ್ತು ಗಾಜು ಒರೆಸುವ ಪಾಲಿಶು ಒಂದು ಡಬ್ಬಿ.

ಪುಷ್ಪಮ್ಮನಿಗೆ ನನ್ನ ನೆನಪು ಹೇಳು. ಮಗುವಿಗೆ ಅತ್ತೆಯ ಮುತ್ತು. ನೀವೆಲ್ಲ ಮೈಯಲ್ಲಿ ಹುಷಾರಾಗಿರಿ, ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಅಕ್ಕ,
ಶೇಷಮ್ಮ

ಮರೆತ ಮಾತು: ಇಷ್ಟನ್ನೂ ಅವರ ಎದುರೇ ಕೂತು ಬರೆದೆ. ಸಾಮಾನಿನ ಪಟ್ಟಿಗೆ ಇಷ್ಟುದ್ದ ಯಾಕೆ ಅಂದರು, ಮನೆ ಸುದ್ದಿ ಅಂದೆ. ಈಗ ತಾನೇ, “ಕೊಡು, ನೋಡ್ತೀನಿ” ಅಂತ ಕೈ ಚಾಚಿದರು. ಕೊಟ್ಟೆ. ದುಗ್ಗಮ್ಮನ ಸುದ್ದಿ ಇರುವ ಹಾಳೆಯನ್ನೇ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿ, “ಸರಿಯಾಗಿ ಬರೆದಿದ್ದೀಯ” ಅಂತ ಹೇಳಿ ಅದರ ಮೇಲೆಯೇ ಸಹಿ ಹಾಕಿ ಕೊಟ್ಟಿದ್ದಾರೆ. ಸಾಲುಗಳ ಮಧ್ಯೆ ಇದೆ, ನಿನಗೇ ಕಾಣುತ್ತದೆ. ಸಾಮಾನು ಕಳಿಸಬೇಡ. ಅದು ಬಂದು ಹಾಕುವವರೆಗೆ ಕಾರು ಹೊರಗೆ ತೆಗೆದರೆ ಎಂಜಿನ್ ಕೆಡುತ್ತದೆ ಅಂತ ಕೂಡಲೇ ಬರೆ, ನಾಲ್ಕನೇ ತಾರೀಕಿನ ಒಳಗೆ ಮುಟ್ಟಬೇಕು. ನಿನ್ನ ಹೆಸರಿನಲ್ಲಿ ನಾನೇ ಸುಳ್ಳು ಓದಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಕಾಣದವರ ಎದುರು ಕಾಗದ ಹಿಡಿದು ಹಾಗೆ ಮಾಡಲು ನನ್ನಿಂದ ಆಗುವುದಿಲ್ಲ. ಸಾಧ್ಯವಿದ್ದರೆ ನೀನೇ ಬಾ. ಟಪ್ಪಾಲು ಹೋಗುವ ಹೊತ್ತಾಯಿತು, ಇದನ್ನು ಅಂಚೆ ಕಚೇರಿಗೆ ಹಾಕಲು ಅವರೇ ಕಾರು ತೆಗೆದಿದ್ದಾರೆ. ಅಂಗಳದಲ್ಲಿ ಹಾರ್ನು ಮಾಡಿ ಕರೆಯುತ್ತಿದ್ದಾರೆ, ಹೊರಟೆ.