ಪರದೆಯ ಪಕ್ಕದ ಪಿಸುಮಾತು

ಸೆಪ್ಟೆಂಬರ್ 18, ಸಂಜೆ

ಮತ್ತೆ ಕೆಮ್ಮು. ಪುಸ್ತಕ ವಿನಿಮಯ ಮೇಳ, ಲೈಬ್ರರಿ ಎದುರಿನ ಹುಲ್ಲುಹಾಸಿನ ಮೇಲೆ. ಓದದ ಪುಸ್ತಕ ಕೊಟ್ಟು ಓದಲಾರದ ಪುಸ್ತಕ ಒಯ್ಯಿರಿ ಎಂದು ಮೈಕಿನಲ್ಲಿ ಕರೆ ಕೊಟ್ಟೆ. ನಕ್ಕರು. ಅದಾದ ಮೇಲೆ ಧ್ವನಿ ಒಡೆಯಿತು — ಸಿಮೆಂಟು ನೆಲದ ಮೇಲೆ ಕಬ್ಬಿಣದ ಕುರ್ಚಿ ಎಳೆದ ಹಾಗೆ. ಅದಕ್ಕೂ ನಕ್ಕರು. ಮಿಮಿಕ್ರಿ ಅಂದುಕೊಂಡಿರಬೇಕು.

ಸೌಂಡ್ ಮಾಮ ನಗಲಿಲ್ಲ. ಕಾಲೇಜಿನ ಮೈಕು, ಸ್ಪೀಕರುಗಳೆಲ್ಲ ಅವರ ಸುಪರ್ದಿ. ವೈರು ಸುತ್ತುತ್ತಾ, “ಮೈಕ್ ಸರಿಯಾಗೇ ಇದೆ ಕಣೋ. ನಿನ್ನ ಕಡೆಯೇ ಏನೋ ಲೂಸ್ ಆಗಿದೆ. ತೋರಿಸ್ಕೋ” ಅಂದರು.

ಎಂದಿನಂತೆ ಮನೆಗೆ ಕರೆ ಮಾಡಿ ಫೋನನ್ನು ಸ್ಪೀಕರಿನ ಪಕ್ಕ ಇಟ್ಟಿದ್ದೆ. ಊರಲ್ಲಿ ಅಮ್ಮ ಬಟ್ಟೆ ಹೊಲಿಯುತ್ತಾ ಕೇಳುತ್ತಾಳೆ. ನಾನು ಮೊದಲ ಸಲ ನಿರೂಪಣೆ ಮಾಡಿದಾಗಿನಿಂದ ಇದೇ ಏರ್ಪಾಡು. ಜೋಕು ಹಿಡಿಸಿದರೆ ಮಷಿನ್ ನಿಲ್ಲಿಸುತ್ತಾಳೆ. ಅವಳ ಚಪ್ಪಾಳೆ ಅದು. ಆಮೇಲೆ ಫೋನಿನಲ್ಲಿ ಎಲ್ಲೆಲ್ಲಿ ನಿಲ್ಲಿಸಿದೆ ಎಂಬ ವರದಿ. ಇಂದು ಒಂದು ಸೂಜಿ ಮುರಿಯಿತಂತೆ. ತಪ್ಪು ನನ್ನದಂತೆ.

ಸೆಪ್ಟೆಂಬರ್ 21

ಡಾಕ್ಟರಮ್ಮ ಮೂಗಿನ ಮೂಲಕ ತೆಳು ಕೊಳವೆ ಇಳಿಸಿ ನೋಡಿದರು. ಧ್ವನಿತಂತುವಿನ ಮೇಲೆ ಗಂಟು. ಗಂಟಲಲ್ಲಿ ಗಂಟು — ಹೆಸರಲ್ಲೇ ಇತ್ತು, ಇಷ್ಟು ವರ್ಷ ಗಮನಿಸಿರಲಿಲ್ಲ.

ಆರು ವಾರ ಒಂದು ಮಾತೂ ಆಡಕೂಡದು. ಗಂಟು ಕರಗಿದರೆ ಸರಿ. ಇಲ್ಲದಿದ್ದರೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಇದೇ ಧ್ವನಿ ಉಳಿಯುತ್ತದೆಂದು ಮಾತು ಕೊಡಲಾರರಂತೆ. (ಮಾತು ಅವರೂ ಕೊಡುವುದಿಲ್ಲ, ನಾನೂ ಆಡುವಂತಿಲ್ಲ.) “ಇನ್ನೊಂದು ವಿಷಯ, ಮೌನ ಅಂದ್ರೆ...” ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ನಾನು ಚೀಟಿ ಬರೆದು ಮುಂದಿಟ್ಟೆ: ನಿರೂಪಕ ಇನ್ನು ನಿರುಪಯೋಗಿ. ಕಾಲೇಜಿಗೆ ನೆಮ್ಮದಿ, ನಿಮಗೆ ಪುಣ್ಯ. ಡಾಕ್ಟರಮ್ಮ ನಕ್ಕುಬಿಟ್ಟರು. ನರ್ಸ್ ಮುಂದಿನವರನ್ನು ಕರೆದರು. ಎದ್ದು ಬಂದೆ.

ಅದಕ್ಕೇ ಈ ಡೈರಿ. ಬಾಯಿಗೆ ಬೀಗ ಬಿದ್ದರೆ ಕೈ ತುರಿಸುತ್ತದೆ.

ಸೆಪ್ಟೆಂಬರ್ 23

ನನಗೆ ನೆಗಡಿ, ದನಿ ಕಟ್ಟಿದೆ ಎಂದು ಅಮ್ಮನಿಗೆ ಮೆಸೇಜು ಹಾಕಿದ್ದೇನೆ. ಕತ್ತರಿಸುವ ವಿಷಯ ಹೇಳಿಲ್ಲ. ಬಟ್ಟೆ ಕತ್ತರಿಸುವವಳಿಗೆ ಕತ್ತರಿ ಎಂದರೆ ಏನೆಂದು ಗೊತ್ತು.

ಆದರೂ ಫೋನ್ ಮಾಡುತ್ತಾಳೆ. ಬೆರಳಿನಿಂದ ತಟ್ಟುತ್ತೇನೆ. ಒಂದು ಸಲ ಹೂಂ, ಎರಡು ಸಲ ಉಹೂಂ. ಊಟ ಆಯ್ತಾ? ಟಕ್. ಬಿಸಿನೀರು ಕುಡೀತಿದ್ದೀಯಾ? ಟಕ್. ಸುಳ್ಳು ಹೇಳ್ತಿದ್ದೀಯಾ? ಟಕ್ ಟಕ್. “ತಟ್ಟೋದ್ರಲ್ಲೂ ನಿನಗೆ ಅವಸರ” ಅಂದಳು.

ಸೆಪ್ಟೆಂಬರ್ 27

ಇಂದು ಚರ್ಚಾ ಸ್ಪರ್ಧೆ. ನಿರೂಪಣೆಯನ್ನು ಸಾಂಸ್ಕೃತಿಕ ಸಂಘದ ಮೇಡಂ ಮೊದಲ ವರ್ಷದ ಚುಟುಕುವಿಗೆ ಕೊಟ್ಟಿದ್ದಾರೆ. ಆಳೇನೋ ಬಾಗಿಲೆತ್ತರ. ಏನು ಕೇಳಿದರೂ ಒಂದೇ ಪದದ ಉತ್ತರ, ಅದಕ್ಕೇ ಆ ಅಡ್ಡಹೆಸರು. ಇಂಥವಳ ಕೈಗೆ ಮೈಕು! ಹೊಟ್ಟೆಕಿಚ್ಚು ಎಂದು ಬರೆದುಕೊಳ್ಳುವುದರಲ್ಲಿ ನಾಚಿಕೆ ಏಕೆ, ಓದುವವರು ಯಾರು.

ಎಲ್ಲರನ್ನೂ ಸ್ವಾಗತಿಸಿದಳು. ಆಮೇಲೆ ನಿಂತೇಬಿಟ್ಟಳು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದು ತೋರಿಸಿದರು. ನಾನು ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದೆ. ಮಾತಾಡಬಾರದು, ಸರಿ. ಪಿಸುಗುಟ್ಟಿದೆ — “ವಿಷಯದ ಬಗ್ಗೆ ನನ್ನದೂ ಎರಡು ಅಭಿಪ್ರಾಯ, ಎರಡೂ ಮರೆತುಹೋಗಿವೆ ಅನ್ನು.” ಅಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅವಳ ಮುಖಕ್ಕೆ ಬಣ್ಣ ಮರಳಿತು.

ನನಗೂ.

ಅಕ್ಟೋಬರ್ 4

ಎಲೆ ಗುಡಿಸುವ ಪಂದ್ಯ. ಉದುರಿದ ಎಲೆಗಳನ್ನು ಯಾವ ವಿಭಾಗ ದೊಡ್ಡ ಗುಡ್ಡೆ ಮಾಡುತ್ತದೋ ಅದಕ್ಕೆ ಬಹುಮಾನ. ತತ್ವಶಾಸ್ತ್ರದವರು ಎಲೆ ಬೀಳುವುದನ್ನು ನೋಡುತ್ತಾ ನಿಂತು ಸೋತರು.

ಸೌಂಡ್ ಮಾಮ ಚುಟುಕುವಿನ ಕಿವಿಗೆ ಸಣ್ಣ ಇಯರ್‌ಫೋನು, ನನ್ನ ಕೈಗೆ ಸಣ್ಣ ಮೈಕು ಕೊಟ್ಟಿದ್ದಾರೆ. ದೂರದಲ್ಲಿ ಕೂತು ಪಿಸುಗುಟ್ಟಿದರೆ ಸಾಕು, ಅವಳ ಬಾಯಲ್ಲಿ ಬರುತ್ತದೆ. “ಗಂಟಲಿಗೆ ಏನೂ ಆಗಲ್ಲ ತಾನೇ?” ಎಂದು ಮಾಮ ಕೇಳಿದರು. ಚೀಟಿಯಲ್ಲಿ ಬರೆದೆ: ಇದು ಮಾತಲ್ಲ ಮಾಮ, ಮಾತಿನ ನೆರಳು.

ಅಕ್ಟೋಬರ್ 11

ಕ್ವಿಜ್. ಸಂಜೆಯವರೆಗೂ ಪಿಸುಪಿಸು. ಗಂಟಲು ಉರಿಯುತ್ತಿದೆ. ಗುಣವಾಗುವ ಮುನ್ನ ಹೀಗಾಗುವುದಿರಬೇಕು.

ಅಮ್ಮ ಫೋನಿನಲ್ಲಿ: “ಆ ಹುಡುಗಿ ಯಾರೋ? ಥೇಟ್ ನಿನ್ನ ಹಾಗೇ ಮಾತಾಡ್ತಾಳೆ. ಮಷಿನ್ ನಿಲ್ಲಿಸಿಬಿಟ್ಟೆ.” ಟಕ್ ಅಂದೆ. “ಆದ್ರೂ ನಿನ್ನ ದನಿ ಇಲ್ದೆ ಕೈ ಓಡಲ್ಲ ಕಣೋ. ಬೇಗ ವಾಸಿ ಮಾಡ್ಕೋ.”

ಟಕ್.

ನವೆಂಬರ್ 2

ಬಹಳ ದಿನ ಬರೆದಿರಲಿಲ್ಲ. ಪಿಸುಗುಟ್ಟಲು ಕಿವಿ ಸಿಕ್ಕವನಿಗೆ ಬರವಣಿಗೆ ಏಕೆ.

ಗಂಟು ಕರಗಿಲ್ಲ. ಬೆಳೆದಿದೆ. ರಕ್ತ ಬೇರೆ ಹೆಪ್ಪುಗಟ್ಟಿದೆ. ಡಾಕ್ಟರಮ್ಮ ಮಾತಾಡಿದಿರಾ ಎಂದು ಕೇಳಿದರು. ಬರೆದು ತೋರಿಸಿದೆ: ಒಂದಕ್ಷರವೂ ಇಲ್ಲ, ಪಿಸುಗುಟ್ಟಿದ್ದು ಬಿಟ್ಟರೆ.

ಪೆನ್ನು ಕೆಳಗಿಟ್ಟರು. “ಅದು ಮಾತಿಗಿಂತ ಕೆಟ್ಟದ್ದು ಕಣಪ್ಪಾ. ಪಿಸುಗುಟ್ಟುವಾಗ ಗಂಟಲನ್ನ ಹಿಂಡಿ ಹಿಂಡಿ ಗಾಳಿ ಬಿಡ್ತೀವಿ. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ...”

ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅವರು ಕಿಟಕಿಯ ಕಡೆ ತಿರುಗಿದರು. “ಜೋಕೇನೋ ಚೆನ್ನಾಗಿತ್ತು” ಅಂದರು, ಮೆಲ್ಲಗೆ.

ಶುಕ್ರವಾರ ಆಪರೇಷನ್. ಗುರುವಾರ ತೆರೆದ ವೇದಿಕೆ, ಯಾರು ಬೇಕಾದರೂ ಹತ್ತಬಹುದು. ವರ್ಷದ ದೊಡ್ಡ ಕಾರ್ಯಕ್ರಮ. ನನ್ನ ಕೊನೆಯ ವರ್ಷದ್ದು.

ನವೆಂಬರ್ 5

ಚುಟುಕುವಿಗೆ ಸೌಂಡ್ ಮಾಮ ಎಲ್ಲ ಹೇಳಿದ್ದಾರೆ. ಅವರೇ ಎರಡು ದಿನದಿಂದ ನನ್ನ ಮುಖ ನೋಡುತ್ತಿಲ್ಲ, ಆ ಮೈಕು ಕೊಟ್ಟವರು ಅವರಲ್ಲವೇ. ಅವರದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟೆ. ಓದದೆ ಜೇಬಿಗೆ ಹಾಕಿಕೊಂಡರು.

ಚುಟುಕು ಕ್ಯಾಂಟೀನಿನಲ್ಲಿ ಎದುರು ಕೂತು ಇಯರ್‌ಫೋನನ್ನು ಮೇಜಿನ ಮೇಲಿಟ್ಟಳು. ಅವಳು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. “ಅಣ್ಣಾ, ಇಷ್ಟು ದಿನ ನನ್ನ ಕಿವೀಲಿ ಕೇಳ್ತಿದ್ದದ್ದು ನಿಮ್ಮಲ್ಲಿ ಉಳಿದಿದ್ದ ದನೀನಾ? ಅದನ್ನೂ ನಾನೇ ಖಾಲಿ ಮಾಡಿದ್ನಾ?”

ಇದಕ್ಕೊಂದು ಒಳ್ಳೆಯ ಉತ್ತರ ಹೊಳೆಯಿತು. ಬರೆಯಲಿಲ್ಲ. ಒಳ್ಳೆಯ ಉತ್ತರಗಳು ಮಾಡಿದ್ದು ಸಾಕು.

ನವೆಂಬರ್ 7, ಸಂಜೆ

ಮೊದಲ ಬಾರಿಗೆ ಸಭಿಕರ ನಡುವೆ ಕೂತೆ. ಪಕ್ಕದಲ್ಲಿ ಮಾಮ, ಧ್ವನಿ ಹೊಂದಿಸುವ ಮಿಕ್ಸರಿನ ಮುಂದೆ. ಹಾಡು, ಕವನ, ಒಬ್ಬನ ಜಾದೂ. ಅದರಲ್ಲಿ ಕರವಸ್ತ್ರ ಮಾಯವಾಗಬೇಕಿತ್ತು, ಮಾಯವಾದದ್ದು ಧೈರ್ಯ. ನಡುವೆ ಚುಟುಕು ಮರೆತಳು. ಮತ್ತೆ ಅದೇ ಫ್ಯಾನಿನ ಸದ್ದು. ನನ್ನ ತುಟಿ ತಾನಾಗಿ ಅಲುಗಾಡಿತು. ಮಾಮ ನನ್ನ ಮೊಣಕೈ ಹಿಡಿದರು.

ಅವಳು ಸಭೆಯನ್ನೊಮ್ಮೆ ನೋಡಿದಳು. “ಮರೆತೆ” ಅಂದಳು. ಒಂದೇ ಪದ. ಆಮೇಲೆ, “ನಿಮಗೆ ನೆನಪಿದ್ರೆ ನೀವೇ ಹೇಳಿ.” ಸಭೆಯೇ ಮುಂದಿನ ಹಾಡುಗಾರನ ಹೆಸರು ಕೂಗಿತು. ಚಪ್ಪಾಳೆ. ನನ್ನ ಯಾವ ಜೋಕಿಗೂ ಅಷ್ಟು ಬಂದದ್ದಿಲ್ಲ.

ಸಂತೋಷವಾಗಬೇಕಿತ್ತು. ಹೊರಗೆ ಎಲೆಗಳ ಮೇಲೆ ನಡೆದು ಬಂದೆ. ಅವುಗಳಾದರೂ ಸದ್ದು ಮಾಡುತ್ತಿದ್ದವು.

ನವೆಂಬರ್ 10

ಆಯಿತು. ಗಂಟಲು ಬೇರೆ ಯಾರದೋ ಆಗಿದೆ. ಇದು ನಿಜವಾದ ಮೌನ, ನೆರಳಿಲ್ಲದ್ದು.

ನವೆಂಬರ್ 24

ನಿನ್ನೆ ಡಾಕ್ಟರಮ್ಮನ ಕೋಣೆಯಲ್ಲಿ ಮೊದಲ ಮಾತು. “ಆ” ಅನ್ನಿ ಅಂದರು. ಅಂದೆ. ಮಳೆಗೆ ಉಬ್ಬಿದ ಬಾಗಿಲು ತೆರೆದ ಸದ್ದು. ಇದು ನಿಮ್ಮ ಹೊಸ ಧ್ವನಿ, ಅಭ್ಯಾಸವಾಗುತ್ತದೆ ಅಂದರು. ಹಳೆಯದು? ಅವರು ನನ್ನ ಫೈಲು ಮುಚ್ಚಿದರು.

ಇಂದು ಬೆಳಿಗ್ಗೆ ಮಾಮ ಖಾಲಿ ಸಭಾಂಗಣದಲ್ಲಿ ಮೈಕು ಹಾಕಿಕೊಟ್ಟರು. ಮೈಕ್ ಟೆಸ್ಟಿಂಗ್ ಅಂದೆ. ಮಿಕ್ಸರಿನಲ್ಲಿ ಇದ್ದಬದ್ದ ಗುಂಡಿಯೆಲ್ಲ ತಿರುಗಿಸಿ ನೋಡಿದರು. ಕೊನೆಗೆ ಸುಮ್ಮನೆ ಸ್ವಿಚ್ ಆರಿಸಿದರು.

ಅದೇ ದಿನ, ಸಂಜೆ

ಅಮ್ಮನಿಗೆ ಫೋನ್ ಮಾಡಿದೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡು. ಆ ಕಡೆ ಮಷಿನ್ ಓಡುತ್ತಿತ್ತು.

“ಅಮ್ಮಾ” ಅಂದೆ.

ನಿಂತಿತು.

“ಯಾರು?”

ನಾನೇ, ನೆಗಡಿ ಹೋಯಿತು ಅಂದೆ.

ಆಮೇಲೆ ಗಿರಾಕಿಗಳಿಗೆಂದು ಇಟ್ಟುಕೊಂಡಿರುವ ಆ ಮರ್ಯಾದೆಯ ದನಿ: “ಅವನ ಫ್ರೆಂಡೇನಪ್ಪಾ ನೀವು? ತಮಾಷೆ ಸಾಕು. ಅವನ ದನಿ ಕೇಳಿ ಎಷ್ಟೋ ದಿನ ಆಗೋಯ್ತು. ಒಂದ್ನಿಮಿಷ ಫೋನ್ ಅವನಿಗೆ ಕೊಡಿ.”

ಕೊಡ್ತೀನಿ ಅಂದೆ.

ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದೆ. ಬೆರಳಿನಿಂದ ತಟ್ಟಿದೆ, ಒಂದು ಸಲ.

“ಹಾಂ, ಬಂದ್ಯಾ” ಅಂದಳು. ಮಷಿನ್ ಮತ್ತೆ ಓಡಿತು.