ಇನ್ನೊಂದು ಕೈ

ಮಾರ್ಚ್ ೩, ಸೋಮವಾರ

ಪ್ರೀತಿಯ ಲವಾನ್‌ಗೆ,

ಅಕ್ಷರ ನೋಡಿ ನನ್ನದೆಂದು ಗೊತ್ತಾದ ಕೂಡಲೇ ಒಲೆಗೆ ಹಾಕಬೇಡ. ಕೊನೆಯವರೆಗೂ ಓದು, ಆಮೇಲೆ ಬೇಕಾದರೆ ಸುಡು. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿಮ್ಮ ಗೇಟಿನವರೆಗೂ ಕಾರು ತಂದೆ. ಅಡುಗೆಮನೆಯ ದೀಪ ಕಂಡದ್ದೇ ತಿರುಗಿಸಿಕೊಂಡು ಹೋದೆ. ಮೊಕದ್ದಮೆ ಮುಗಿಯುವ ತನಕ ನಾವಿಬ್ಬರೂ ಮಾತಾಡಬಾರದು ಎಂದು ನಿನ್ನ ವಕೀಲರೂ ಹೇಳಿದ್ದಾರೆ, ಕೌಂಟಿಯ ವಕೀಲರೂ ಹೇಳಿದ್ದಾರೆ. ಬರೆಯಬಾರದೆಂದು ಯಾರೂ ಹೇಳಿಲ್ಲ.

ನಿನ್ನ ಮೆಲ್ವಿನ್‌ನ ಅಂತ್ಯಕ್ರಿಯೆಗೆ ನಾನು ಬರಲಿಲ್ಲ ಎಂದು ನೀನು ತಿಳಿದಿರಬೇಕು. ಬಂದಿದ್ದೆ ಕಣೇ. ಚರ್ಚಿನ ಹಿಂದೆ ಕಾರಿನಲ್ಲೇ ಕೂತಿದ್ದೆ, ಆ ದಿನದ ಊಟಕ್ಕೆಂದು ಆಲೂಗಡ್ಡೆ ಬೇಯಿಸಿದ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು. ಗುಂಡು ಹಾರಿಸಿದವನ ತಾಯಿ ಮಾಡಿದ ಅಡುಗೆಯನ್ನು ಯಾವ ಮೇಜಿನ ಮೇಲೆ ಇಡಲಿ? ಎಲ್ಲರೂ ಸ್ಮಶಾನಕ್ಕೆ ಹೊರಟ ಮೇಲೆ ಮನೆಗೆ ಬಂದು ಅಡುಗೆ ಚೆಲ್ಲಿ ಬಟ್ಟಲನ್ನು ತೊಳೆದಿಟ್ಟೆ.

ನನ್ನ ಮಗನೆಂದು ಕರ್ಟ್‌ನ ಪರ ವಾದಿಸಲು ಬರೆಯುತ್ತಿಲ್ಲ. ಅವನ ಬಾಯಿಂದ ಬಂದದ್ದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಅಷ್ಟೇ. ಅಕ್ಟೋಬರಿನ ಆ ಸಂಜೆ ಯಾವುದೋ ಮನೆಗೆ ಕಳ್ಳ ನುಗ್ಗಿದ್ದಾನೆ ಎಂದು ಕರೆ ಬಂತು. ಉತ್ತರದ ರಸ್ತೆ ಎನ್ನುವ ಬದಲು ದಕ್ಷಿಣದ ರಸ್ತೆ ಎಂದು ಕಚೇರಿಯಿಂದ ಇವನಿಗೂ ಇವನ ಜೊತೆಗಾರನಿಗೂ ತಿಳಿಸಿದರು. ಶೆರಿಫ್ ಕಚೇರಿಯ ಪೊಲೀಸ್ ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗ, ಕೌಂಟಿಯ ಆ ತುದಿಯಲ್ಲಿರುವ ನಿಮ್ಮ ಹೊಲವನ್ನು ಅವನು ಕಂಡೇ ಇರಲಿಲ್ಲ. ಕಾರನ್ನು ದೂರದಲ್ಲೇ ಬಿಟ್ಟು ಇಬ್ಬರೂ ಟ್ರ್ಯಾಕ್ಟರ್ ಶೆಡ್ಡಿನ ಮಗ್ಗುಲಿನಿಂದ ನಡೆದು ಬಂದರು. ನಿಮ್ಮ ಡೀಸೆಲ್ ಕಳುವಾಗಿ ವಾರವೂ ಆಗಿರಲಿಲ್ಲವಂತೆ. ನಾಯಿ ಬೊಗಳಿದ್ದಕ್ಕೆ ಮೆಲ್ವಿನ್ ಬಂದೂಕು ಹಿಡಿದು ಹೊರಬಂದ. ಅವನ ಮನೆ, ಅವನ ಬಂದೂಕು, ಬಾರದೆ ಇನ್ನೇನು? ಕರ್ಟ್ ಕೂಗಿದ. ಮೆಲ್ವಿನ್ ತಿರುಗಿದ. ಅವನ ಜೊತೆಗೆ ನಳಿಕೆಯೂ ತಿರುಗಿತು. ಟೋಪಿ ಬಿದ್ದ ಮೇಲೆಯೇ ಕರ್ಟ್‌ಗೆ ಆ ಮುಖದ ಗುರುತು ಹತ್ತಿದ್ದು. ಚರ್ಚಿನ ಊಟದಲ್ಲಿ ಇವನ ತಟ್ಟೆಗೆ ಎರಡನೇ ಸಲ ಹಂದಿಮಾಂಸ ಬಡಿಸಿ, "ತಿನ್ನೋ ಮಾರಾಯ, ಬೆಲ್ಟು ಜಾರ್ತಿದೆ" ಎಂದು ನಗಿಸಿದ್ದ ಮುಖ.

ತಪ್ಪಿಲ್ಲ ಎಂದರು ಸರಕಾರಿ ವಕೀಲರು. ಮಾರನೆಯ ದಿನವೇ ಕರ್ಟ್ ಬ್ಯಾಡ್ಜ್ ವಾಪಸು ಕೊಟ್ಟು ಬಂದ. ಈಗ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಾನೆ. ನನ್ನ ಜೊತೆಗೇ ಇದ್ದಾನೆ. ಇದ್ದಾನೆ ಎಂದೆ, ಅಷ್ಟು ಮಾತ್ರ ಹೇಳಬಲ್ಲೆ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಕೌದಿ ಹೊಲಿಯುತ್ತಿದ್ದಾಗ ಫಿಲಿಸ್ ಹೇಳಿದಳು: "ಲವಾನ್ ಗೇಟ್ ಹತ್ರ ದಿನಾ ಸಂಜೆ ಒಂದು ಬೂದು ಬಣ್ಣದ ಪಿಕಪ್ ಬಂದು ನಿಲ್ಲುತ್ತಂತೆ. ಶೆರಿಫ್‌ಗೆ ಹೇಳೇ ಅಂದ್ರೆ, 'ಮತ್ತೆ ಅವರನ್ನೇ ಕರೀಲಾ? ಅದಕ್ಕಿಂತ ಮೆಲ್ವಿನ್ ಬಂದೂಕೇ ವಾಸಿ' ಅಂದ್ಲು." ಎಲ್ಲರೂ ಅಯ್ಯೋ ಎಂದರು. ನನ್ನ ಸೂಜಿ ಬೆರಳಿಗೆ ಚುಚ್ಚಿಕೊಂಡಿತು.

ಆ ಪಿಕಪ್ ನಮ್ಮದು ಲವಾನ್. ಅದರೊಳಗೆ ಕೂತಿರುವವನು ಕರ್ಟ್.

ಮನೆಗೆ ಬಂದು ಕೇಳಿದೆ. "ಬಾಗಿಲು ತಟ್ಟೋಣ ಅಂತ ಹೋಗ್ತೀನಮ್ಮಾ. ಇಳಿಯೋಕೆ ಆಗಲ್ಲ. ಒಂದಿನ ಇಳೀತೀನಿ" ಎಂದ. "ಅವಳ ಕೈಲಿ ಬಂದೂಕಿದೆ ಕಣೋ" ಎಂದೆ. "ಇರಲಿ ಬಿಡು" ಎಂದ. ಆ "ಇರಲಿ ಬಿಡು" ಎಂದ ದನಿಗೆ ಹೆದರಿ ಬರೆಯುತ್ತಿದ್ದೇನೆ. ಅವನು ಬಂದರೆ ಮಾತಾಡಿಸಬೇಡ, ಒಳಗೆ ಕರೆಯಬೇಡ, ಬೈದು ಅಟ್ಟು. ಆದರೆ ಒಂದೇ ಒಂದು ಗಳಿಗೆ ತಡಿ. ಇದನ್ನು ಕೇಳುವ ಬಾಯಿ ನನಗಿಲ್ಲವೆಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿನ್ನ
ಆರ್ಡಿಸ್

ಮರೆತೆ: ಅಕ್ಟೋಬರ್‌ನಿಂದ ಅವನ ಬಲಗೈ ಮೇಲಕ್ಕೆ ಏಳುವುದಿಲ್ಲ. ಡಾಕ್ಟರಿಗೆ ಎಲುಬಿನಲ್ಲಾಗಲಿ ನರದಲ್ಲಾಗಲಿ ಏನೂ ಸಿಗಲಿಲ್ಲ. ಎರಡೂ ಕೈ ಎತ್ತು ಎಂದರೆ ಅವನು ಎತ್ತಲಾರ.

◆

ಮಾರ್ಚ್ ೮, ಶನಿವಾರ

ಆರ್ಡಿಸ್,

ನಿನ್ನ ಪತ್ರ ಗುರುವಾರ ಬಂತು. ಪಕ್ಕದ ಊರಿನ ಪತ್ರವೂ ಈಗ ದೂರದ ಒಮಾಹಾ ನಗರ ನೋಡಿಕೊಂಡೇ ಬರುತ್ತದೆ. ಕರ್ಟ್ ಬಂದದ್ದು ಬುಧವಾರ.

ಮನೆಗೆ ಮರಳಿ ಅವನು ನಿನಗೆ ಎಷ್ಟು ಹೇಳಿದನೋ ತಿಳಿಯದು. ನಾನು ನನ್ನದನ್ನು ಹೇಳುತ್ತೇನೆ.

ಹೊತ್ತು ಇಳಿಯುತ್ತಿತ್ತು. ಬಿತ್ತನೆಯ ಆಲೂಗಡ್ಡೆ ಆರಿಸುತ್ತಿದ್ದೆ. ನಾಯಿ ಬೊಗಳಿತು, ಮೆಲ್ವಿನ್ ಹೋದ ಸಂಜೆ ಬೊಗಳಿದ ಹಾಗೆಯೇ, ನಡುನಡುವೆ ಉಸಿರು ಕಟ್ಟಿ. ಹಿಂಬಾಗಿಲ ಮೆಟ್ಟಿಲ ಮೇಲೆ ಬೂಟಿನ ಸದ್ದು. ಬಂದೂಕನ್ನು ಶೆರಿಫ್ ಕಚೇರಿಯವರು ಕಂದು ಕಾಗದದಲ್ಲಿ ಸುತ್ತಿ ತಂದುಕೊಟ್ಟಿದ್ದರು. ಕಾಗದ ಬಿಚ್ಚಿ, ತೋಟಾ ತುಂಬಿ, ಕೋಟುಗಳ ಹಿಂದೆ ನಿಲ್ಲಿಸಿದವಳು ನಾನೇ. ಎತ್ತಿಕೊಂಡೆ. ಜಾಲರಿ ಬಾಗಿಲನ್ನು ಕಾಲಿಂದ ತಳ್ಳಿದೆ.

ಸೂರ್ಯ ಅವನ ಬೆನ್ನಿಗಿದ್ದ. ಮುಖ ಕಾಣಲಿಲ್ಲ, ಗಂಡಸಿನ ಆಕಾರ ಮಾತ್ರ ಕಂಡಿತು.

"ಕೈ ಎತ್ತು!" ಎಂದೆ. ನನ್ನ ದನಿ ನನಗೇ ಹೊಸದು.

ಒಂದು ಕೈ ಎದ್ದಿತು. ಇನ್ನೊಂದು ಕೋಟಿನ ಜೇಬಿನ ಹತ್ತಿರವೇ ಜೋತಿತ್ತು.

"ಇನ್ನೊಂದು ಕೈ! ಇನ್ನೊಂದು ಎತ್ತೋ!"

"ಏಳಲ್ಲಮ್ಮಾ" ಎಂದ. "ಏಳಲ್ಲ, ಏಳಲ್ಲ."

ಏಳದೆ ಇರುವ ಕೈಯೆಂದರೆ ಏನು? ಜೇಬಿನೊಳಗೆ ಏನಿದೆ? ಇಷ್ಟನ್ನೂ ನಾನು ಯೋಚಿಸಿದೆ ಎಂದು ತಿಳಿಯಬೇಡ. ಯೋಚನೆಯೇ ಬರಲಿಲ್ಲ. ಬೆರಳು ತಾನೇ ಟ್ರಿಗರ್ ಮೇಲೆ ಹೋಗಿ ಕೂತಿತ್ತು, ಲೋಹ ತಣ್ಣಗೆ ತಾಗಿತು. ಆ ಕೈ ಅಲುಗಾಡಿತು ಆರ್ಡಿಸ್. ಎತ್ತಲು ಹೆಣಗಿ ಜೇಬಿನ ಕಡೆಗೇ ಜಾರಿತು. ನಾನು ಯಾಕೆ ಹಾರಿಸಲಿಲ್ಲ ಎಂದು ಕೇಳಬೇಡ. ದೇವರೆನ್ನಲೂ ಆರೆ, ಧೈರ್ಯವೆನ್ನಲೂ ಆರೆ. ಹಾರಿಸಲಿಲ್ಲ, ಅಷ್ಟೇ. ಹಾರಿಸಿದ್ದರೂ ಕಾರಣ ಇಷ್ಟೇ ತಿಳಿಯುತ್ತಿತ್ತು.

ಆಮೇಲೆ ಅವನು, "ನಾನು ಕರ್ಟ್" ಎಂದ.

ಹೆಸರು ಕೇಳಿದ ಮೇಲೆ ಬಂದೂಕು ಇಳಿಸುವುದು ಇನ್ನೂ ಕಷ್ಟವಾಯಿತು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅಷ್ಟು ಹೊತ್ತು ಅವನು ಯಾರೋ ಆಗಿದ್ದ. ಆಮೇಲೆ ಅವನು ಯಾರೆಂದು ನನಗೆ ಸರಿಯಾಗಿ ಗೊತ್ತಿತ್ತು, ನನ್ನ ಹತ್ತಿರ ಬೇಕಾದಷ್ಟು ಹೊತ್ತೂ ಇತ್ತು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದ. ನಾನು ತೋಟಾ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ.

"ಚಳೀಲಿ ಯಾಕೆ ಕೂತಿದೀಯ, ಒಳಗೆ ಬಾ" ಎಂದೆ. ಬಾಯಿಂದ ಹಾಗೆ ಬಂತು.

ಮೆಲ್ವಿನ್‌ನ ಕುರ್ಚಿಗೆ ಅವನು ಕೂರಲಿಲ್ಲ. ಯಾವುದೆಂದು ಹೇಗೆ ತಿಳಿಯಿತೋ, ಆಚೆಯ ಕುರ್ಚಿಗೆ ಹೋಗಿ ಕೂತ. ಕಾಫಿ ಕೊಟ್ಟೆ. ಎಡಗೈಯಿಂದ ಕುಡಿದ. "ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ" ಎಂದ. "ಕೇಳಿದ್ರೂ ಇಲ್ಲ" ಎಂದೆ. ತಲೆಯಾಡಿಸಿದ. ನಮ್ಮಿಬ್ಬರಿಗೂ ಅದು ಸರಿಯೆನಿಸಿತು.

ಕಾಫಿ ಮುಗಿಸಿ ಒಂದೇ ಮಾತು ಕೇಳಿದ: "ನಾನು ಕೂಗಿದ್ದು ಅವರಿಗೆ ಕೇಳಿಸಿತಾ?"

"ಇಲ್ಲ" ಎಂದೆ. "ಕಿವಿಯ ಯಂತ್ರ ಸಿಂಕಿನ ಪಕ್ಕ ಬಿಟ್ಟು ಹೋಗಿದ್ದ. ನೀನು ಆಕಾಶ ಬಿರಿಯೋ ಹಾಗೆ ಕೂಗಿದ್ರೂ ಅವನಿಗೆ ಕೇಳ್ತಿರಲಿಲ್ಲ. ನಾಯಿ ಯಾವ ಕಡೆ ಇದೆ ಅಂತ ನೋಡೋಕೆ ತಿರುಗಿದ್ದು."

ಕಣ್ಣು ಮುಚ್ಚಿಕೊಂಡು ಕೂತ. ಆಮೇಲೆ ಎದ್ದು ಲೋಟ ತೊಳೆದಿಟ್ಟು ಹೊರಟ.

ಅವನು ಇನ್ನು ಗೇಟಿನ ಹತ್ತಿರ ನಿಲ್ಲುವುದಿಲ್ಲ. ನೀನೂ ಈಗಲೇ ಬರಬೇಡ. ಒಬ್ಬೊಬ್ಬರನ್ನೇ ಸಹಿಸಿಕೊಳ್ಳಲು ನನಗೆ ಹೊತ್ತು ಬೇಕು. ಕೋರ್ಟಿನಲ್ಲಿ ಕೌಂಟಿಯ ಮೇಲಿನ ಮೊಕದ್ದಮೆ ಬಿಡುವುದಿಲ್ಲ, ಅದನ್ನೂ ತಿಳಿದಿರು. ತಪ್ಪು ರಸ್ತೆ ಹೇಳಿದವರು ಯಾರೆಂದು ಯಾರಾದರೂ ನನ್ನೆದುರು ನಿಂತು ಹೇಳಲಿ.

ಲವಾನ್

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ನನ್ನ ವಕೀಲರಿಗೂ ಹೇಳಿಲ್ಲ. ಯಂತ್ರ ಮೆಲ್ವಿನ್‌ನ ಕಿವಿಯಲ್ಲೇ ಇತ್ತು. ಕರ್ಟ್ ಕೂಗಿದ್ದು ಅವನಿಗೆ ಚೆನ್ನಾಗಿ ಕೇಳಿಸಿತು. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಹೇಳಲೆಂದೇ ಅವನು ಮನೆಯ ಕಡೆ ತಿರುಗಿದ. ಬಂದೂಕಿನ ನಳಿಕೆ ಕರ್ಟ್ ನಿಂತಿದ್ದ ಮೂಲೆಯನ್ನು ದಾಟಿಯೇ ತಿರುಗಬೇಕಿತ್ತು. ನಗುತ್ತಿದ್ದ. "ಪೊಲೀಸರು ಕಣೇ, ಹೆದರ್ಬೇಡ" ಎಂದ.