ಸವೆದ ಬೆರಳಿಗೆ ಮೂರನೆಯ ಶುಲ್ಕ

ವಲಸೆ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಗಂಡನ ಬೆರಳುಗಳಲ್ಲಿ ಗೆರೆಗಳಿಲ್ಲ. ಈ ಅಪರಾಧಕ್ಕೆ ತಾವು ಈಗಾಗಲೇ ಎರಡು ಸಲ ಶುಲ್ಕ ವಸೂಲಿ ಮಾಡಿದ್ದೀರಿ. ಮೂರನೆಯ ಸಲ ಕಟ್ಟಿ ಎಂದು ಮೊನ್ನೆ ನೋಟೀಸು ಬಂದಿದೆ. ಕಟ್ಟಿ ಬೆರಳಚ್ಚು ಕೊಡದಿದ್ದರೆ ಈ ತಿಂಗಳ ಕೊನೆಗೆ ಅವರ ವಾಸದ ಹಕ್ಕು ತೀರಿಹೋಗುತ್ತದೆ, ಆಮೇಲೆ ಅವರು ಇಲ್ಲಿ ಕೆಲಸ ಮಾಡುವಂತಿಲ್ಲ, ಇರುವಂತೆಯೂ ಇಲ್ಲ ಎಂದು ಬಹಳ ಸೌಜನ್ಯದಿಂದ ತಿಳಿಸಿದ್ದೀರಿ. ಕೊನೆಯಲ್ಲಿ ನಮ್ಮ ಸಹಕಾರಕ್ಕೆ ಧನ್ಯವಾದವನ್ನೂ ಹೇಳಿದ್ದೀರಿ. ನಾನು ಸಹಕರಿಸುತ್ತಿಲ್ಲ. ಇದನ್ನು ತಮಗೊಬ್ಬರಿಗೇ ಹೇಳಿದರೆ ಯಾವುದೋ ಕಡತದೊಳಗೆ ನಿದ್ದೆ ಹೋಗುತ್ತದೆಂದು ಗೊತ್ತಿರುವುದರಿಂದ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಾವು ಈ ದೇಶಕ್ಕೆ ಬಂದು ಕಾಲು ಶತಮಾನವಾಯಿತು. ಮೊದಲ ಹತ್ತು ವರ್ಷ ತಾತ್ಕಾಲಿಕದವರಾಗಿದ್ದೆವು. ಮಡಚಿಡುವ ಮಂಚ, ಮಡಚಿಡುವ ಮೇಜು, ಮಡಚಿಡುವ ಕುರ್ಚಿಗಳ ನಡುವೆ ಸಂಸಾರ ಮಾಡಿದೆವು. ಹೊರಡು ಎಂದರೆ ಹೊರಡಬೇಕಲ್ಲ. ಆಮೇಲೆ ತಮ್ಮ ಇಲಾಖೆ ಮೊದಲು ನನಗೆ, ಮರುವರ್ಷ ನನ್ನ ಗಂಡನಿಗೆ ಕಾಯಂ ವಾಸದ ಹಕ್ಕು ಕೊಟ್ಟಿತು. ಅವರ ಕಾರ್ಡು ಕೈಗೆ ಬಂದ ದಿನ, ತಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರು ನಮ್ಮಿಬ್ಬರ ಕೈ ಕುಲುಕಿ, "ಇನ್ಮೇಲೆ ಇದು ನಿಮ್ಮ ಮನೆ" ಎಂದರು. ಆ ವಾರವೇ ಒಂದು ಮರದ ಬೀರು ತಂದೆವು. ಕೋಣೆಯೊಳಗೇ ಜೋಡಿಸಿದ ಬೀರು ಅದು, ಬಾಗಿಲಿನಿಂದ ಆಚೆ ಬರುವುದಿಲ್ಲ. ಅಷ್ಟು ನಂಬಿದ್ದೆವು ತಮ್ಮನ್ನು.

ಕಾಯಂ ಎನ್ನುವುದನ್ನು ಐದೈದು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಉಳಿಸಿಕೊಳ್ಳಬೇಕು ಎನ್ನುವುದು ಆಮೇಲೆ ತಿಳಿದದ್ದು. ಮೊದಲ ನವೀಕರಣಕ್ಕೆ ನಕ್ಕು ಕಟ್ಟಿದೆವು. ಎರಡನೆಯದಕ್ಕೆ ಹಲ್ಲು ಕಚ್ಚಿಕೊಂಡು ಕಟ್ಟಿದೆವು, ಏಕೆಂದರೆ ಅಷ್ಟರಲ್ಲಿ ಅದು ದುಪ್ಪಟ್ಟಾಗಿತ್ತು. ಶುಲ್ಕ ಎಂದರೆ ಏನಾದರೊಂದನ್ನು ಕೊಟ್ಟದ್ದಕ್ಕೆ ತೆಗೆದುಕೊಳ್ಳುವ ಹಣ ಎಂದು ನಾನು ತಿಳಿದಿದ್ದೆ. ತಾವು ಹೊಸದಾಗಿ ಏನು ಕೊಡುತ್ತಿದ್ದೀರಿ? ನಮ್ಮ ಹತ್ತಿರ ಇರುವುದನ್ನೇ ಕಿತ್ತುಕೊಳ್ಳದೆ ಬಿಡುತ್ತೀರಿ, ಅದಕ್ಕೆ ಹಣ ಕೇಳುತ್ತೀರಿ. ಅಂಗಡಿ ಬೀದಿಯಲ್ಲಿ ಹೀಗೆ ವಸೂಲಿ ಮಾಡುವವನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಅವನು ರಸೀದಿ ಕೊಡುವುದಿಲ್ಲ, ವ್ಯತ್ಯಾಸ ಅಷ್ಟೇ. ತೆರಿಗೆಯೋ? ಪ್ರತಿ ತಿಂಗಳು ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತೀರಿ. ಪಕ್ಕದ ಮನೆಯವರಿಂದ ಎಷ್ಟು ಮುರಿದುಕೊಳ್ಳುತ್ತೀರೋ ಅಷ್ಟೇ. ಪಕ್ಕದ ಮನೆಯವರು ಇಲ್ಲೇ ಉಳಿಯುವುದಕ್ಕೆ ಮತ್ತೆ ಬೇರೆ ದುಡ್ಡು ಕಟ್ಟುತ್ತಾರೆಯೇ? ತಾವು ಇಲ್ಲಿ ಹುಟ್ಟಿದ್ದಕ್ಕೆ ಎಷ್ಟು ಕಟ್ಟಿದ್ದೀರಿ, ಸ್ವಾಮಿ?

ಈಗ ಬೆರಳಿನ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ನೆಲಕ್ಕೆ ಟೈಲ್ಸ್ ಹಾಸುವವರು. ಜೊತೆಯವರು ಅವರನ್ನು ರಸಮಟ್ಟ ಎಂದು ಕರೆಯುತ್ತಾರೆ. ಅವರು ಹಾಸಿದ ನೆಲಕ್ಕೆ ಮಟ್ಟ ನೋಡುವ ಆ ಉಪಕರಣವನ್ನು ಇಟ್ಟು ನೋಡಬೇಕಾಗಿಲ್ಲ ಎನ್ನುವುದು ಮೆಚ್ಚುಗೆ. ನೆಂಟರ ಮನೆಗೆ ಹೋದರೂ ಕಾಫಿ ಕುಡಿಯುವ ಮೊದಲು ಮೇಜು ಯಾವ ಕಡೆ ವಾಲಿದೆ ಎಂದು ಹೇಳಿಬಿಡುತ್ತಾರೆ ಎನ್ನುವುದು ಗೇಲಿ. ಎರಡು ಟೈಲ್ಸ್ ನಡುವಿನ ಸಂದಿಗೆ ಸಿಮೆಂಟು ತುಂಬಿದ ಮೇಲೆ ಬರಿಬೆರಳಿನ ತುದಿಯನ್ನು ಅದರ ಮೇಲೆ ಎಳೆದು ಏರುತಗ್ಗು ನೋಡುವುದು ಅವರ ಪದ್ಧತಿ. ಹಸಿ ಸಿಮೆಂಟು ಚರ್ಮವನ್ನು ತಿನ್ನುತ್ತದೆ. ಇಷ್ಟು ವರ್ಷ ತಿಂದು ತಿಂದು ಹತ್ತೂ ಬೆರಳನ್ನು ನುಣ್ಣಗೆ ಮಾಡಿಟ್ಟಿದೆ. ಆಸ್ಪತ್ರೆಯ ನೆಲ, ಶಾಲೆಯ ನೆಲ, ಎರಡು ರೈಲು ನಿಲ್ದಾಣಗಳ ನೆಲ ಎಲ್ಲ ಅವರ ಕೈಕೆಲಸ. ತಮ್ಮ ಕಚೇರಿಯಲ್ಲಿ ನಾವೆಲ್ಲ ಟೋಕನ್ ಹಿಡಿದು ಕಾಯುವ ದೊಡ್ಡ ಹಜಾರವಿದೆಯಲ್ಲ, ಅದರ ನೆಲವೂ ಅವರದೇ.

ಹೋದ ವರ್ಷದಿಂದ ತಾವು ನವೀಕರಣಕ್ಕೆ ಬೆರಳಚ್ಚಿನ ಹೊಸ ಯಂತ್ರ ತಂದಿದ್ದೀರಿ. ಈ ವರ್ಷ ಇವರು ಬೆರಳಿಟ್ಟರೆ ಅದು ಕೆಂಪು ದೀಪ ತೋರಿಸಿತು. ಕೌಂಟರಿನ ಹುಡುಗಿ ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.

"ಇನ್ನೂ ಸ್ವಲ್ಪ ಜೋರಾಗಿ ಒತ್ತಿ ಸರ್."

"ಇನ್ನೂ ಒತ್ತಿದ್ರೆ ನಿಮ್ಮ ಮಿಷನ್ನೇ ಒಡೆದುಹೋಗುತ್ತಮ್ಮ."

"ಅಯ್ಯೋ, ಏನೂ ಬರ್ತಿಲ್ಲ ಸರ್. ಖಾಲಿ ತೋರಿಸ್ತಿದೆ."

ಒಳಗಿನ ಕೋಣೆಯಿಂದ ಅವಳ ಮೇಲಿನವರು ಬಂದರು. ಬೆರಳು ನೋಡಿದರು, ಮುಖ ನೋಡಲಿಲ್ಲ. ಕೆಲವು ವಾರ ಕೈಗೆ ವಿಶ್ರಾಂತಿ ಕೊಟ್ಟು ಮುಲಾಮು ಹಚ್ಚಿದರೆ ಗೆರೆ ಮೂಡುತ್ತದೆ, ಆಮೇಲೆ ಹೊಸ ಅರ್ಜಿ, ಹೊಸ ಶುಲ್ಕದೊಂದಿಗೆ ಬನ್ನಿ ಎಂದರು. ಈಗ ಕಟ್ಟಿದ್ದು ಏನಾಯಿತು ಎಂದು ಕೇಳಿದೆ. "ಶುಲ್ಕ ಪ್ರಯತ್ನಕ್ಕೆ ಮೇಡಂ, ಫಲಿತಾಂಶಕ್ಕಲ್ಲ" ಎಂದರು. ಎಂಥ ದೊಡ್ಡ ಮಾತು! ನನ್ನ ಗಂಡ ನೆಲವನ್ನು ಸೊಟ್ಟಗೆ ಹಾಸಿ, ಕೂಲಿ ಪ್ರಯತ್ನಕ್ಕೆ ಎಂದು ಹೇಳಿದ್ದರೆ ತಮ್ಮ ಇಲಾಖೆ ಒಪ್ಪುತ್ತಿತ್ತೇ?

ಕೈಗೆ ವಿಶ್ರಾಂತಿ ಎಂದರೆ ಕೂಲಿಗೂ ವಿಶ್ರಾಂತಿ. ದುಡಿದರೆ ಗೆರೆ ಇಲ್ಲ, ದುಡಿಯದಿದ್ದರೆ ಶುಲ್ಕಕ್ಕೆ ದುಡ್ಡಿಲ್ಲ. ಆದರೂ ಕೂತರು. ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನನ್ನ ಸಂಬಳದಲ್ಲಿ ಮನೆ ನಡೆಯಿತು. ಕೈಗೆ ಮುಲಾಮು ಮೆತ್ತಿಕೊಂಡು, ಮೇಲೆ ಹತ್ತಿಯ ಗವಸು ಹಾಕಿಕೊಂಡು ಮದುಮಗನ ಹಾಗೆ ಕೂತಿರುತ್ತಿದ್ದರು. ಕೂತಲ್ಲಿ ಸುಮ್ಮನಿರುವ ಪ್ರಾಣಿಯಲ್ಲ ಅದು. ಅಡುಗೆಮನೆಯ ಮೂಲೆಯಲ್ಲಿ ಕಾಲಿನಿಂದ ಕುಟ್ಟಿ, "ಇಲ್ಲೊಂದು ಪೊಳ್ಳಾಗಿದೆ ಕಣೇ" ಎನ್ನುತ್ತಿದ್ದರು. ಕರಣೆಯನ್ನೂ ಸಿಮೆಂಟಿನ ಬಕೆಟ್ಟನ್ನೂ ನಾನು ಪಕ್ಕದ ಮನೆಯಲ್ಲಿ ಬಚ್ಚಿಟ್ಟೆ. ಹಸುಗೂಸಿಗೆ ಹಲ್ಲು ಬಂತೇ ಎಂದು ನೋಡುವ ಹಾಗೆ ದಿನವೂ ಅವರ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕೊನೆಗೆ ಹೆಬ್ಬೆರಳಲ್ಲಿ ತೆಳ್ಳಗೆ ಗೆರೆ ಕಾಣಿಸಿತು, ಆಮೇಲೆ ತೋರುಬೆರಳಲ್ಲಿ. ಆ ದಿನ ನಮಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡನೆಯ ಶುಲ್ಕವನ್ನೂ ಕಟ್ಟಿದೆವು. ತಮ್ಮ ಕಚೇರಿಗೆ ಹೋಗಬೇಕಾದ ಹಿಂದಿನ ದಿನ ನಾನು ಕೆಲಸದಲ್ಲಿದ್ದಾಗ ಅವರ ಹಳೆಯ ಮೇಸ್ತ್ರಿ ಫೋನು ಮಾಡಿದ್ದಾನೆ. ವಲಸೆ ಕಚೇರಿಯ ಹಜಾರದಲ್ಲಿ, ಕೌಂಟರಿನ ಮುಂದೆಯೇ ಟೈಲ್ಸ್ ಎದ್ದುಬಿಟ್ಟಿದೆ, ಜನ ಎಡವುತ್ತಿದ್ದಾರೆ, ಇವತ್ತೇ ಆಗಬೇಕಂತೆ ಎಂದಿದ್ದಾನೆ. ಇವರು ಹೋಗಿದ್ದಾರೆ! ಯಾರಾದರೂ ಹೋಗುತ್ತಾರೆಯೇ? ಸಂಜೆ ಮನೆಗೆ ಬಂದಾಗ ಕೈಯನ್ನು ಜೇಬಿನಿಂದ ಆಚೆಗೇ ತೆಗೆಯಲಿಲ್ಲ.

"ತೋರಿಸಿ ಕೈ."

"ಹಾಸಿದ್ದು ನಾನು ಕಣೇ. ಯಾವುದಾದ್ರೂ ಮುದುಕಿ ಎಡವಿ ಬಿದ್ದು ಸೊಂಟ ಮುರ್ಕೊಂಡ್ರೆ?"

"ಗ್ಲೌಸ್ ಹಾಕ್ಕೊಂಡು ಮಾಡೋಕೆ ಏನಾಗಿತ್ತು ನಿಮ್ಗೆ?"

"ಹಾಕ್ಕೊಂಡೇ ಶುರು ಮಾಡಿದ್ದು. ಸಂದಿ ನೋಡೋವಾಗ ತೆಗೆದೆ. ಗ್ಲೌಸಲ್ಲಿ ಏನೂ ಗೊತ್ತಾಗಲ್ಲ."

"ತಲೆಯೊಳಗೂ ಸಿಮೆಂಟೇ ತುಂಬಿದೆ ನಿಮ್ಗೆ!"

"ಬಿಡೇ, ಆ ಹುಡುಗಿಗೆ ಹೇಳಿದ್ರೆ ಅರ್ಥ ಆಗುತ್ತೆ. ಅವಳ ಎದುರುಗಡೇನೇ ಅಲ್ವಾ ಮಾಡಿದ್ದು."

ಬಾಯಿಗೆ ಬಂದಂತೆ ಬೈದೆ. ಮರುದಿನ ಅವರು ತಾವೇ ಸರಿಮಾಡಿದ ಆ ನೆಲದ ಮೇಲೆ ನಿಂತು ಯಂತ್ರಕ್ಕೆ ಬೆರಳು ಕೊಟ್ಟರು. ಕೆಂಪು ದೀಪ ಹತ್ತಿತು. ಇವರು ಹುಡುಗಿಗೆ ಕೆಳಗೆ ಕೈ ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳಿಗೆ ಅರ್ಥವಾಯಿತು. ಅವಳ ಕಣ್ಣಲ್ಲಿ ನೀರು ಬಂತು, ಎದ್ದು ಒಳಗೆ ಓಡಿದಳು. ಒಳಗಿನವರು ಮತ್ತೆ ಬಂದರು. ನೆಲವನ್ನು ನೋಡಿದರು, ಬೆರಳನ್ನು ನೋಡಿದರು.

"ನೆಲದ ರಿಪೇರಿ ಬೇರೆ ವಿಭಾಗದ್ದು ಸರ್. ಅದಕ್ಕೂ ನಮಗೂ ಸಂಬಂಧ ಇಲ್ಲ."

ಬಸ್ಸಿನಲ್ಲಿ ಬರುವಾಗ ಇವರು "ನಾನು ಇಲ್ಲೇ ಇದ್ದೆ ಅಂತ ಯಾರಿಗೂ ಗೊತ್ತಾಗಲ್ವೇನೇ?" ಎಂದು ಕೇಳಿದರು. ಬೈದಿದ್ದಕ್ಕೆ ಸಂಕಟವಾಯಿತು. ಅಷ್ಟು ಜನರ ನಡುವೆ ಅತ್ತುಬಿಟ್ಟೆ.

ತಮ್ಮ ಸಮಜಾಯಿಷಿಗಳು ನನಗೆ ಗೊತ್ತು. ಯಂತ್ರಕ್ಕೆ ಖರ್ಚಾಗಿದೆ ಎನ್ನುತ್ತೀರಿ. ಆ ಯಂತ್ರ ಬೇಕೆಂದು ನಾವು ಕೇಳಿದ್ದೆವೇ? ಅಷ್ಟು ಕಷ್ಟವಾದರೆ ಪೌರತ್ವ ತೆಗೆದುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಅದರ ಶುಲ್ಕ ಇದರ ನಾಲ್ಕು ಪಟ್ಟು, ಅದಕ್ಕೂ ಇದೇ ಯಂತ್ರಕ್ಕೆ ಬೆರಳು ಕೊಡಬೇಕು. ಕೈಲಾಗದವರಿಗೆ ರಿಯಾಯಿತಿ ಇದೆ ಎನ್ನುತ್ತೀರಿ. ನಮಗೆ ರಿಯಾಯಿತಿ ಬೇಡ. ಕೈಲಾಗದವರ ಕೈಯಲ್ಲ ಅದು. ನನ್ನ ತಂಗಿ ಫೋನಿನಲ್ಲಿ, "ಅಕ್ಕಾ, ಸುಮ್ನೆ ಕಟ್ಟಿಬಿಡು, ಅವ್ರ ಜೊತೆ ಯಾಕೆ ಜಗಳ?" ಎನ್ನುತ್ತಾಳೆ. ಹೇಗೋ ಹೊಂದಿಸಿ ಕಟ್ಟಬಹುದು, ತಂಗಿ. ಕಟ್ಟಿದ ಮೇಲೆ ಗೆರೆ ಎಲ್ಲಿಂದ ತರಲಿ? ಮೂರನೆಯದಾದ ಮೇಲೆ ನಾಲ್ಕನೆಯದು ಕೇಳುವುದಿಲ್ಲ ಎಂದು ಯಾರು ಹೇಳಿದರು?

ಆದ್ದರಿಂದ ನನ್ನ ಬೇಡಿಕೆಯನ್ನು ಕೇಳಿ. ಕಾಯಂ ಎಂದು ಒಮ್ಮೆ ಕೊಟ್ಟದ್ದಕ್ಕೆ ಮತ್ತೆ ಮತ್ತೆ ದುಡ್ಡು ಕೇಳುವುದನ್ನು ನಿಲ್ಲಿಸಿ. ನಮ್ಮಿಂದ ಮಾತ್ರ ಅಲ್ಲ, ಆ ಹಜಾರದಲ್ಲಿ ಟೋಕನ್ ಹಿಡಿದು ಕೂತ ಎಲ್ಲರಿಂದಲೂ. ನನ್ನ ಗಂಡ ಯಾರೆಂದು ಯಂತ್ರಕ್ಕೆ ಗೊತ್ತಾಗದಿದ್ದರೆ ಕರೆಸಿ ನನ್ನನ್ನು ಕೇಳಿ, ಬಿಟ್ಟಿಯಾಗಿ ಹೇಳುತ್ತೇನೆ. ಅದೂ ಆಗುವುದಿಲ್ಲ, ಹಕ್ಕು ಎನ್ನುವುದು ವರ್ಷದ ಲೆಕ್ಕದಲ್ಲಿ ತೂಗಿ ಮಾರುವ ಸರಕೇ ಎನ್ನುವುದಾದರೆ, ಸರಿ, ಹಾಗೆಯೇ ವ್ಯಾಪಾರ ಮಾಡೋಣ. ನನ್ನ ಬೆರಳನ್ನು ತಮ್ಮ ಯಂತ್ರ ಹೋದ ವರ್ಷ ಒಪ್ಪಿಕೊಂಡಿದೆ. ನನ್ನ ಕಾರ್ಡಿನಲ್ಲಿ ಇನ್ನೂ ನಾಲ್ಕು ವರ್ಷ ಬಾಕಿ ಇದೆ. ಕಾರ್ಡನ್ನು ಈ ಪತ್ರದ ಜೊತೆಯಲ್ಲೇ ಇಟ್ಟಿದ್ದೇನೆ. ಅದರಲ್ಲಿ ಎರಡು ವರ್ಷವನ್ನು ಕತ್ತರಿಸಿ ಅವರ ಹೆಸರಿಗೆ ಬರೆಯಿರಿ. ಎರಡು ವರ್ಷವಾದ ಮೇಲೆ ಕಳಿಸುವುದಿದ್ದರೆ ಇಬ್ಬರನ್ನೂ ಒಟ್ಟಿಗೆ ಕಳಿಸಿ.

ಇಂತಿ,
ಇನ್ನೆರಡು ವರ್ಷ ಮಾತ್ರ ಕಾಯಂ ಆಗಿರುವ,
ನೆಲ ಹಾಸುವವರ ಹೆಂಡತಿ